ತಗ್ಗಪ್ಪನ ಕಾರು

ಹಂಪ್ ಬಂತೆಂದರೆ ಉಳಿದವರು ಬ್ರೇಕ್ ಒತ್ತಿ, ಗೇರ್ ಇಳಿಸಿ, ದಾಟಿ ಹೋಗುತ್ತಾರೆ. ತಗ್ಗಪ್ಪ ಅಷ್ಟು ಸುಲಭಕ್ಕೆ ದಾಟುವವನಲ್ಲ. ಮೊದಲು ಪೂರ್ತಿ ನಿಲ್ಲುತ್ತಾನೆ. ರಸ್ತೆಯ ಎಡತುದಿಗೆ ಸರಿಯುತ್ತಾನೆ. ಸ್ಟೇರಿಂಗನ್ನು ಬಲಕ್ಕೆ ಎಳೆದು ಮುಂದಿನ ಒಂದು ಚಕ್ರವನ್ನು ಮಾತ್ರ ಹಂಪಿನ ಮೇಲೆ ಹತ್ತಿಸುತ್ತಾನೆ. ಕಿವಿಗೊಟ್ಟು ಕೇಳುತ್ತಾನೆ. ಕೆಳಗಿನಿಂದ ಕರಕರ ಸದ್ದು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದು ಚಕ್ರ, ಆಮೇಲೆ ಹಿಂದಿನ ಎರಡು, ಅವೂ ಒಂದೊಂದಾಗಿ. ಈ ವಿಧಿ ಮುಗಿಯುವ ತನಕ ಕಾರು ರಸ್ತೆಗೆ ಅಡ್ಡವಾಗಿ ನಿಂತಿರುತ್ತದೆ. ಎದುರಿನವರೂ ಹಿಂದಿನವರೂ ಕಾಯಬೇಕು. ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಗೆ ಹಾಕಿ 'ಒಂದ್ನಿಮಿಷ ಅಣ್ಣಾ' ಎನ್ನುತ್ತಾನೆ. ಆ ದನಿಯಲ್ಲಿ ಬೇಡಿಕೆಗಿಂತ ಹೆಮ್ಮೆಯೇ ಹೆಚ್ಚು. ಹಂಪಿಗೆ ಹೆದರುವ ಕಾರು ತನ್ನದು ಎಂದು ನಾಲ್ಕು ಜನ ನೋಡಲಿ ಎಂಬ ಆಸೆ.

ಇಂಥವನೊಬ್ಬ ನಿಮ್ಮ ಬಡಾವಣೆಯಲ್ಲೂ ಇದ್ದಾನೆ. ಅವನ ನಿಜವಾದ ಹೆಸರು ಆಧಾರ್ ಕಾರ್ಡಿನಲ್ಲಿರಲಿ, ನಮ್ಮ ಬೀದಿಯ ಹುಡುಗರು ಇಟ್ಟ ಹೆಸರು ತಗ್ಗಪ್ಪ. ವಯಸ್ಸು ಇಪ್ಪತ್ತೆಂಟರ ಆಸುಪಾಸು, ಕೆಲಸ ಖಾಸಗಿ ಕಂಪನಿಯಲ್ಲಿ. ಸಂಬಳ ಬ್ಯಾಂಕಿಗೆ ಬೀಳುವ ಮುಂಚೆಯೇ ಕಾರಿನ ಯಾವುದೋ ಒಂದು ಭಾಗದ ಹೆಸರಿಗೆ ಬರೆದಾಗಿರುತ್ತದೆ. ಕಾರು ಸೆಕೆಂಡ್ಸಿನಲ್ಲಿ ಕೊಂಡ ಬಿಳಿ ಸ್ವಿಫ್ಟ್. 2011ರಲ್ಲಿ ಮಾರುತಿಯವರು ಬಿಟ್ಟ ಎರಡನೆಯ ಮಾದರಿ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಕಂಪನಿಯವರು 170 ಮಿಲಿಮೀಟರ್ ಜಾಗ ಬಿಟ್ಟಿದ್ದರು. ಯಾಕೆ ಬಿಟ್ಟಿದ್ದರು ಎನ್ನುವುದು ಮಳೆಗಾಲದಲ್ಲಿ ಬೆಂಗಳೂರಿನ ಯಾವುದೇ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ತಗ್ಗಪ್ಪನಿಗೆ ಮಾತ್ರ ಅದು ಅವಮಾನವಾಗಿ ಕಂಡಿತು.

ಈ ಕಾಯಿಲೆ ಶುರುವಾಗುವುದು ಬೆರಳಿನಿಂದ. ಟೈರಿನ ನೆತ್ತಿಗೂ ಮೇಲಿನ ಫೆಂಡರಿಗೂ ನಡುವಿನ ಸಂದಿಯಲ್ಲಿ ಎಷ್ಟು ಬೆರಳು ತೂರುತ್ತವೆ ಎನ್ನುವುದೇ ಈ ಪಂಥದವರ ಅಳತೆಗೋಲು. ನಾಲ್ಕು ಬೆರಳು ತೂರಿದರೆ ಅವನು ಸಂಸಾರಸ್ಥ. ಎರಡು ಬೆರಳಾದರೆ ಗೌರವಾನ್ವಿತ. ಒಂದೇ ಬೆರಳಾದರೆ ಗುರು. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ಚಹಾ ಕುಡಿಯುತ್ತ ನಿಲ್ಲುವ ಗುಂಪಿನಲ್ಲಿ ಯಾರೋ ಬಗ್ಗಿ, ತಗ್ಗಪ್ಪನ ಕಾರಿನ ಆ ಸಂದಿಗೆ ಇಡೀ ಅಂಗೈ ತೂರಿಸಿ, 'ಮಗಾ, ಇಲ್ಲಿ ಬೆಕ್ಕು ಮರಿ ಹಾಕ್ಬೋದು ಕಣೋ' ಅಂದನಂತೆ. ಅಂದಿನಿಂದ ಅವನಿಗೆ ಆ ಸಂದಿಯನ್ನು ಬಿಟ್ಟು ಜಗತ್ತಿನಲ್ಲಿ ಬೇರೇನೂ ಕಾಣಿಸಲಿಲ್ಲ. ಮದುವೆಗೆ ಹೋದರೆ ಗಂಡು ಹೆಣ್ಣನ್ನು ನೋಡುವ ಬದಲು ಛತ್ರದ ಮುಂದೆ ನಿಂತ ಕಾರುಗಳ ಚಕ್ರ ನೋಡಿಕೊಂಡು ಬರುತ್ತಿದ್ದ.

ಜೆ.ಸಿ. ರೋಡಿಗೆ ಹೋಗಿ ವಿಚಾರಿಸಿದ. ಎತ್ತರವನ್ನು ಬೇಕಾದಂತೆ ತಿರುಪಿ ಇಳಿಸುವ ಕಾಯ್ಲೋವರ್ ಎಂಬುದೊಂದಿದೆ. ಬೆಲೆ ಕೇಳಿ ಅಂಗಡಿಯವರಿಗೆ ಕೈ ಮುಗಿದು ಬಂದ. ಕಾರಿನ ಎತ್ತರ ಇಳಿಸಲೆಂದೇ ಲೆಕ್ಕ ಹಾಕಿ ಮಾಡಿದ ಗಿಡ್ಡ ಸ್ಪ್ರಿಂಗುಗಳೂ ಸಿಗುತ್ತವೆ. ಅದಕ್ಕೂ ದುಡ್ಡು ಸಾಲಲಿಲ್ಲ. ಉಳಿದದ್ದು ನಮ್ಮ ದೇಶದ ಪುರಾತನ ದಾರಿ. ಇದ್ದ ಸ್ಪ್ರಿಂಗನ್ನೇ ಬಿಚ್ಚಿ, ಕಟಿಂಗ್ ಮಷೀನಿನಲ್ಲಿ ಒಂದು ಸುತ್ತು ಕತ್ತರಿಸಿ, ಮತ್ತೆ ಅಲ್ಲೇ ಕೂರಿಸುವುದು. ಖರ್ಚು ಹೋಟೆಲ್ ಊಟದಷ್ಟು. ಒಂದೂವರೆ ಇಂಚು ಇಳಿಯಿತು. ಬೆರಳು ಎರಡೇ ತೂರಿದವು. ಆ ಸಂಜೆ ತಗ್ಗಪ್ಪ ಬೀದಿಯ ಎಲ್ಲರಿಗೂ ಬಾದಾಮಿ ಹಾಲು ಕೊಡಿಸಿದ.

ಸ್ಪ್ರಿಂಗಿನ ಸಂಗತಿ ಒಂದಿದೆ, ಅದನ್ನು ಕತ್ತರಿಸುವವರು ಹೇಳುವುದಿಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲ, ಒಳ್ಳೆಯದೇ ಅಲ್ಲವೆ ಎಂದರೆ, ಅದರ ಜೊತೆ ಕೆಲಸ ಮಾಡುವ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಅದು ಹಳೆಯ ಎತ್ತರಕ್ಕೆ, ಹಳೆಯ ಬಿಗಿಗೆ ಹೊಂದಿಕೊಂಡಿದ್ದದ್ದು. ಈಗ ದಿನವಿಡೀ ಮುದುಡಿ ಕೂತೇ ದುಡಿಯಬೇಕು. ಚಿಕ್ಕ ಗುಂಡಿಗೂ ಒಳಗಿನ ರಬ್ಬರ್ ತಡೆಗೆ ತಲೆ ಹೊಡೆದುಕೊಳ್ಳುತ್ತದೆ. ಜಾಕ್ ಕೊಟ್ಟು ಕಾರನ್ನು ಎತ್ತಿದರೆ ಕತ್ತರಿಸಿದ ಸ್ಪ್ರಿಂಗ್ ತನ್ನ ಕೂರುವ ಜಾಗದಲ್ಲೇ ಸಡಿಲಾಗಿ ಕಟಕಟ ಎನ್ನುತ್ತದೆ. ತಗ್ಗಪ್ಪನ ಕಾರು ಬೀದಿ ತಿರುಗಿದಾಗಲೇ ಅವನಮ್ಮ ಒಲೆ ಮೇಲೆ ಕಾಫಿಗೆ ಹಾಲಿಡುತ್ತಿದ್ದರು; ಆ ಸದ್ದು ಕೇಳಿದರೆ ಸಾಕು, ಮಗ ಬಂದನೆಂದು ಗೊತ್ತಾಗುತ್ತಿತ್ತು.

ಅಪ್ಪ ಮಂಡ್ಯ ಕಡೆಯ ಕೃಷಿಕರ ಮನೆಯಿಂದ ಬಂದವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಕ ಮೇಲೆ ಸರಿಸಿ ಕೇಳಿದರು.

'ಪಂಚರ್ರಾ?'

'ಇಲ್ಲಪ್ಪ. ಲೋ ಮಾಡ್ಸಿದೀನಿ.'

'ದುಡ್ಡು ಕೊಟ್ಟು?'

ತಗ್ಗಪ್ಪ ಆಗ ಅಪ್ಪನಿಗೆ ಚರಿತ್ರೆಯ ಪಾಠ ಹೇಳಿದ. ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1940ರ ದಶಕದಲ್ಲಿ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಹುಡುಗರು ಹಳೆಯ ಷೆವರ್ಲೆ ಕಾರುಗಳ ಡಿಕ್ಕಿಗೆ ಮರಳು ಮೂಟೆ ತುಂಬಿ, ಸ್ಪ್ರಿಂಗ್ ಕತ್ತರಿಸಿ, ನೆಲಕ್ಕೆ ತಾಗುವ ಹಾಗೆ ಮಾಡಿಕೊಂಡು ಊರು ಸುತ್ತುತ್ತಿದ್ದರು. ಬೇರೆಯವರು ವೇಗಕ್ಕೆ ಕಾರು ಕಟ್ಟಿದರೆ ಇವರು ನಿಧಾನಕ್ಕೆ ಕಟ್ಟಿದರು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಇಳಿಯಬಾರದು ಎಂದು ಕ್ಯಾಲಿಫೋರ್ನಿಯಾದಲ್ಲಿ 1950ರ ದಶಕದ ಕೊನೆಗೆ ಕಾನೂನೇ ಬಂತು. ರಾನ್ ಅಗೀರೆ ಎಂಬಾತ 1959ರಲ್ಲಿ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಹಾಕಿಸಿದ. ಪೊಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ. ಆ ಕಾನೂನನ್ನು ತೆಗೆದುಹಾಕುವ ಹೊತ್ತಿಗೆ 2024 ಬಂದಿತ್ತು.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಮರಳು ಯಾಕೋ? ಊರಿಂದ ಬರುವಾಗ ಎರಡು ಮೂಟೆ ರಾಗಿ, ನಲವತ್ತು ತೆಂಗಿನಕಾಯಿ ಹಾಕ್ಕೊಂಡು ಬಾ ಅಂತ ನಿಮ್ಮಮ್ಮ ಬಡ್ಕೊಂಡಳು. ಹಾಕ್ಕೊಂಡು ಬಂದಿದ್ರೆ ತಾನೇ ಇಳೀತಿತ್ತು. ಬಿಟ್ಟಿ' ಎಂದು ಒಳಗೆ ಹೋದರು.

ಅವರಿಗೆ ಪತ್ರಿಕೆಯನ್ನು ಜೋರಾಗಿ ಓದುವ ಅಭ್ಯಾಸ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯವರು ನಮೂದಿಸಿದ್ದಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಸೇರಿತು. ಅಪ್ಪ ಈ ವಿಷಯ ಓದುವಾಗಲೆಲ್ಲ 'ಒಂದೊಂದು' ಎಂಬ ಪದವನ್ನು ಒತ್ತಿ ಓದುತ್ತಾರೆ, ಓದಿ ಕಾಂಪೌಂಡಿನ ಕಡೆ ನೋಡುತ್ತಾರೆ. ತಗ್ಗಪ್ಪನ ವಾದವೇ ಬೇರೆ: ಪೊಲೀಸರು ಸೈಲೆನ್ಸರ್ ಸದ್ದು ಕೇಳಿ ಹಿಡಿಯುತ್ತಾರೆ, ಕಪ್ಪು ಗಾಜು ನೋಡಿ ಹಿಡಿಯುತ್ತಾರೆ, ಒಂದೂವರೆ ಇಂಚನ್ನು ಹಿಡಿಯಬೇಕಾದರೆ ಟೇಪು ಹಿಡಿದು ನಡುರಸ್ತೆಯಲ್ಲಿ ಮಂಡಿಯೂರಬೇಕು, ಅಷ್ಟು ಪುರುಸೊತ್ತು ಯಾರಿಗಿದೆ? ಕಾನೂನನ್ನು ಹೀಗೆ ಅಳೆಯುವವರು ಬಹಳ ಮಂದಿ ಇದ್ದಾರೆ, ಅವನೊಬ್ಬನೇ ಅಲ್ಲ. ಆದರೂ ಗಾಡಿಗೆ ಏನಾದರೂ ಆಗಿ ವಿಮೆಯವರು ಬಂದರೆ ಅವರ ಹತ್ತಿರ ಟೇಪೂ ಇರುತ್ತದೆ, ಪುರುಸೊತ್ತೂ ಇರುತ್ತದೆ.

ಹಂಪುಗಳ ವಿಷಯದಲ್ಲಿ ಮಾತ್ರ ನಾನು ತಗ್ಗಪ್ಪನ ಪಕ್ಷ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರ ಮಾರ್ಗಸೂಚಿಯಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಬಂದವನು ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಬೇಕು. ನಮ್ಮ ಬೀದಿಯದನ್ನು ಹಾಕಿಸಿದವರು ಬೀದಿಯವರೇ. ಮೂಲೆಮನೆಯವರ ಸ್ಕೂಟರಿಗೆ ಯಾರೋ ತಾಗಿಸಿದ ಮರುದಿನ ಉಳಿದ ಕಾಂಕ್ರೀಟಿನಲ್ಲಿ ಎಬ್ಬಿಸಿದ್ದು. ಅಗಲ ಒಂದಡಿ, ಎತ್ತರ ಆ ದಿನದ ಸಿಟ್ಟಿನಷ್ಟು. ಅದನ್ನು ದಾಟಲು 170 ಮಿಲಿಮೀಟರೇ ತಿಣುಕಬೇಕು, ತಗ್ಗಪ್ಪನ ಹತ್ತಿರ ಉಳಿದಿರುವುದು 132. ಅದೂ ಒಬ್ಬನೇ ಕೂತಾಗ.

ನಾಲ್ವರು ಕೂತರೆ ಲೆಕ್ಕ ಬದಲಾಗುತ್ತದೆ. ಗೆಳೆಯರನ್ನು ಕೂರಿಸಿಕೊಂಡು ಹೊರಟರೆ ಪ್ರತಿ ದೊಡ್ಡ ಹಂಪಿಗೆ ಮುಂಚೆ 'ಇಳೀರೋ' ಎನ್ನುತ್ತಾನೆ. ಮೂವರೂ ಇಳಿದು, ಕಾರಿನ ಜೊತೆ ನಡೆದು, ಆಚೆ ಬದಿ ಮತ್ತೆ ಹತ್ತುತ್ತಾರೆ. ಊರಿಂದ ಅಜ್ಜಿ ಬಂದಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಮನೆ ಮುಂದೆ ಬಾಗಿಲು ತೆಗೆದರೆ ಅಜ್ಜಿ ಕೂತಲ್ಲೇ ಕೂತಿದ್ದಾರೆ, ಮಂಡಿ ಗದ್ದಕ್ಕೆ ತಾಗಿದೆ. 'ಇಳೀ ಅಜ್ಜಿ' ಅಂದ. 'ಎಲ್ಲಿಗೆ ಮಗಾ ಇಳಿಯೋದು? ಇದ್ರಿಂದ ಹತ್ಬೇಕು' ಅಂದರು ಅಜ್ಜಿ. ಇಬ್ಬರು ಹಿಡಿದು ಎತ್ತಿದರು.

ಡಿಕ್ಕಿಯಲ್ಲಿ ಎರಡು ಮರದ ಹಲಗೆಗಳಿವೆ. ಯಾವುದಾದರೂ ಮಾಲಿನ ಬೇಸ್‌ಮೆಂಟಿಗೆ ಇಳಿಯುವಾಗ ರ್ಯಾಂಪ್ ಮುರಿಯುವ ಜಾಗಕ್ಕೆ ಅವನ್ನು ಹಾಕಿ, ಮೇಲೆ ಹಾದು, ಮತ್ತೆ ಎತ್ತಿಟ್ಟುಕೊಳ್ಳಬೇಕು. ಸೆಕ್ಯುರಿಟಿಯವರು ಮೊದಲು ಬೈಯುತ್ತಿದ್ದರು, ಈಗ ಹಲಗೆ ಹಿಡಿಯಲು ತಾವೇ ಬರುತ್ತಾರೆ. ಊರಿನ ನಕ್ಷೆಯೇ ಅವನ ತಲೆಯಲ್ಲಿ ಬೇರೆ ರೀತಿ ಬರೆದಿದೆ. ಯಾವ ರಸ್ತೆಗೆ ಹೊಸ ಡಾಂಬರು ಬಿತ್ತು, ಯಾವ ಮ್ಯಾನ್‌ಹೋಲಿನ ಮುಚ್ಚಳ ಎರಡು ಇಂಚು ಮೇಲಿದೆ, ಯಾವ ಅಂಡರ್‌ಪಾಸಿನಲ್ಲಿ ಎಷ್ಟು ಮಳೆಗೆ ನೀರು ನಿಲ್ಲುತ್ತದೆ ಎನ್ನುವುದನ್ನು ಅವನಿಂದ ಕೇಳಿ ತಿಳಿದುಕೊಳ್ಳಬೇಕು. ಬೆಂಗಳೂರಿನ ರಸ್ತೆಗಳನ್ನು ಇಷ್ಟು ಹತ್ತಿರದಿಂದ ಓದಿದ ವಿದ್ವಾಂಸ ಪಾಲಿಕೆಯಲ್ಲೂ ಇರಲಾರ.

ಇಷ್ಟೆಲ್ಲ ಹೊರಗಿನ ವೈಭವ. ಒಳಗೆ ನಡೆಯುತ್ತಿದ್ದದ್ದು ಬೇರೆ, ಅದು ಅವನಿಗೂ ಗೊತ್ತಿರಲಿಲ್ಲ. ತಗ್ಗಪ್ಪ ವಾರಕ್ಕೊಮ್ಮೆ ಟೈರ್ ತೊಳೆದು, ಒರೆಸಿ, ಪಾಲಿಶ್ ಹಚ್ಚುವವನು. ಬೀದಿಯ ಕಡೆಗೆ ಕಾಣುವ ಬದಿ ಕನ್ನಡಿಯಾಗಿ ಹೊಳೆಯುತ್ತಿತ್ತು. ಹೊರ ಅಂಚಿನ ಗೆರೆಗಳು ಅಂಗಡಿಯಿಂದ ತಂದ ದಿನದಷ್ಟೇ ಆಳ. ಒಳ ಅಂಚು ಕಾರಿನ ಹೊಟ್ಟೆಯ ಕತ್ತಲಿನ ಕಡೆಗಿರುವುದು. ಅದನ್ನು ನೋಡಬೇಕಾದರೆ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮಂಡಿಯೂರಿ, ಟಾರ್ಚು ಬಿಡಬೇಕು. ಯಾರಿಗೂ ಕಾಣದ ಜಾಗಕ್ಕೆ ಟಾರ್ಚು ಬಿಡುವುದು ಅವನ ಧರ್ಮದಲ್ಲಿಲ್ಲ. ಸ್ಪ್ರಿಂಗ್ ಕತ್ತರಿಸಿದ ದಿನ ಅಲೈನ್‌ಮೆಂಟ್ ಮಾಡಿಸಬೇಕೇ ಎಂದು ಕೇಳಿದ್ದನಂತೆ. 'ಸ್ಟೇರಿಂಗ್ ಎಳೀತಿದ್ಯಾ? ಇಲ್ವಲ್ಲ. ಮತ್ತೆ ಯಾಕೆ?' ಎಂದು ಕತ್ತರಿಸಿದವನು ಹೇಳಿದ್ದ. ಕಾರು ನೇರವಾಗಿ ಓಡುತ್ತಿತ್ತು, ತಗ್ಗಪ್ಪನೂ ನೆಮ್ಮದಿಯಾಗಿದ್ದ.

ಒಂದು ಮಳೆಗಾಲ ಮೈಸೂರು ಹೆದ್ದಾರಿಯಲ್ಲಿ ನೀರು ನಿಂತ ಕಡೆ ಕಾರು ಜಾರಿತು. ಏನೂ ಆಗಲಿಲ್ಲ, ದೇವರು ದೊಡ್ಡವನು. ಮರುದಿನ ಅಲೈನ್‌ಮೆಂಟ್ ಅಂಗಡಿಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ನನ್ನ ಕಾರಿನ ಸ್ಟೆಪ್ನಿ ಪಂಕ್ಚರ್ ಹಾಕಿಸುವುದಿತ್ತು. ಅಂಗಡಿಯ ಭಾಯ್ ಅರವತ್ತರ ಮೇಲಿನವರು. ಬಿಳಿ ಗಡ್ಡ, ಬೆರಳ ಸಂದಿಯಲ್ಲಿ ಎಂದೂ ಹೋಗದ ಗ್ರೀಸ್. ಕಾರನ್ನು ಲಿಫ್ಟಿನ ಮೇಲೆ ಏರಿಸಿದರು. ಟಾರ್ಚು ಬಿಡಲಿಲ್ಲ, ಮಷೀನನ್ನೂ ಮುಟ್ಟಲಿಲ್ಲ. ಟೈರಿನ ಹಿಂದುಗಡೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿದರು. ಒಂದು ಕಡೆಗೆ ಸವರಿದಾಗ ಕೈ ನುಣ್ಣಗೆ ಹರಿಯಿತು. ಇನ್ನೊಂದು ಕಡೆಗೆ ತಡೆತಡೆದು ಕೊರೆಯಿತು. ಕೊನೆಗೆ ಬೆರಳನ್ನು ಫಕ್ಕನೆ ಎಳೆದುಕೊಂಡು ತುದಿಯನ್ನು ನೋಡಿಕೊಂಡರು.

'ಎಷ್ಟು ಓಡಿದೆ ಟೈರು?'

'ಹನ್ನೆರಡು ಸಾವಿರ ಭಾಯ್. ಹೊಸದೇ.'

'ಹೊರಗಡೆ ಹೊಸದು. ಒಳಗಡೆ ತಂತಿ ಬಂದಿದೆ, ಕೈಗೆ ಚುಚ್ತು.'

ತಗ್ಗಪ್ಪ ಬಗ್ಗಿ ನೋಡಿದ. ಒಳ ಅಂಚಿನ ಎರಡು ಬೆರಳಗಲ ಜಾಗದಲ್ಲಿ ರಬ್ಬರೇ ಇರಲಿಲ್ಲ, ಬೂದು ಬಣ್ಣದ ಬಟ್ಟೆಯ ಪದರ, ಅದರಿಂದ ಇಣುಕುವ ಉಕ್ಕಿನ ಎಳೆಗಳು. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತೆಂದು ನಿಯಮ. ಅದನ್ನು ತೋರಿಸಲು ಗೆರೆಗಳ ನಡುವೆ ಚಿಕ್ಕ ದಿಬ್ಬಗಳನ್ನೂ ಇಟ್ಟಿರುತ್ತಾರೆ. ಇಲ್ಲಿ ದಿಬ್ಬವೂ ಮಾಯ. ಅವನು ಮೊದಲು ಟೈರ್ ಕಂಪನಿಯನ್ನು ಬೈದ. ಆಮೇಲೆ ರಸ್ತೆ ಮಾಡಿದವರನ್ನು ಬೈದ. ನಂತರ ಯಾರನ್ನು ಬೈಯುವುದೆಂದು ತೋಚದೆ ಸುಮ್ಮನಾದ.

ಭಾಯ್ ನಾಲ್ಕು ಚಕ್ರಕ್ಕೂ ಟಾರ್ಗೆಟ್ ಕಟ್ಟಿ, ಕಾರನ್ನು ಒಂದಿಷ್ಟು ಹಿಂದಕ್ಕೆ ಮುಂದಕ್ಕೆ ತಳ್ಳಿದರು. ಪರದೆ ತುಂಬ ಕೆಂಪು ಅಂಕಿಗಳು. ಕ್ಯಾಂಬರ್ ಎರಡೂ ಕಡೆ ಮೈನಸ್ ಒಂದೂವರೆ ಡಿಗ್ರಿ. ಟೋ ಹೊರಕ್ಕೆ 3 ಮಿಲಿಮೀಟರ್. ಅವರು ತಮ್ಮ ಎರಡು ಅಂಗೈಗಳನ್ನೇ ಚಕ್ರ ಮಾಡಿಕೊಂಡು ವಿವರಿಸಿದ್ದು ಹೀಗೆ. ಕಾರು ಕೆಳಗೆ ಕೂತರೆ ಲೋವರ್ ಆರ್ಮಿನ ಕೋನ ಬದಲಾಗುತ್ತೆ, ಚಕ್ರದ ನೆತ್ತಿ ಒಳಕ್ಕೆ ವಾಲುತ್ತೆ. ಅದು ಕ್ಯಾಂಬರ್. ಸ್ಟೇರಿಂಗಿನ ಟೈ ರಾಡ್‌ ಉದ್ದವೂ ಬೇರೆ, ಅದು ಏಳುವ ಲೆಕ್ಕವೂ ಬೇರೆ. ಎರಡೂ ಒಟ್ಟಿಗೆ ಏಳದೆ ಹೋದಾಗ ಚಕ್ರದ ಮೂತಿ ತಿರುಗುತ್ತೆ. ಅದು ಟೋ.

'ಕ್ಯಾಂಬರ್ ತಿಂಡಿ ತಿನ್ನುತ್ತೆ ಸಾರ್. ಟೋ ಊಟ ಮಾಡುತ್ತೆ' ಅಂದರು.

ಈ ಮಾತನ್ನು ಲೆಕ್ಕ ಹಾಕಿ ನೋಡಬಹುದು, ನಾನು ಪಂಕ್ಚರ್ ಅಂಟುವವರೆಗೆ ಅಲ್ಲೇ ಕೂತು ಹಾಕಿದೆ. ಹದಿನೈದು ಇಂಚಿನ ರಿಮ್ಮಿನ ವ್ಯಾಸದಲ್ಲಿ ಎರಡೂ ಚಕ್ರ ಸೇರಿ 3 ಮಿಲಿಮೀಟರ್ ಹೊರಮುಖವಾಗಿದ್ದರೆ ಒಂದೊಂದರ ಪಾಲು ಒಂದೂವರೆ. ಅಂದರೆ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು ನಾಲ್ಕು ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರುವುದರೊಳಗೆ ಒಂದು ಕಿಲೋಮೀಟರಿಗೂ ಹೆಚ್ಚು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಸಮಸಮವಾಗಿ ಜಗ್ಗುವುದರಿಂದ ಸ್ಟೇರಿಂಗ್ ಯಾವ ಕಡೆಗೂ ಎಳೆಯುವುದಿಲ್ಲ, ಕಾರು ಸಭ್ಯವಾಗಿ ನೇರ ಓಡುತ್ತದೆ. ಚಕ್ರದ ನೆತ್ತಿ ಒಳಕ್ಕೆ ವಾಲಿರುವುದರಿಂದ ಉಜ್ಜುವ ಭಾರವೆಲ್ಲ ಒಳ ಅಂಚಿನ ಮೇಲೆ.

'ಟೈರನ್ನ ರಿಮ್ಮಿಂದ ತೆಗೆದು ಉಲ್ಟಾ ಹಾಕಿದ್ರೆ? ಒಳಗಡೇದು ಹೊರಗೆ ಬರುತ್ತಲ್ಲ?' ಎಂದು ತಗ್ಗಪ್ಪ ಒಂದು ಉಪಾಯ ತೆಗೆದ. ತಂತಿ ಕಾಣುವ ಟೈರನ್ನು ಹೇಗೆ ತಿರುಗಿಸಿ ಹಾಕಿದರೂ ಅದು ತಂತಿ ಕಾಣುವ ಟೈರೇ. ಭಾಯ್ ಅದನ್ನು ಹೇಳಲೂ ಇಲ್ಲ. ಟೈರಿನ ಬದಿಯಲ್ಲಿ ಅಚ್ಚೊತ್ತಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟರು: ಔಟ್‌ಸೈಡ್. ಎರಡು ಬದಿಗೂ ಬೇರೆ ಬೇರೆ ವಿನ್ಯಾಸವಿರುವ ಟೈರು. ಆ ಬದಿ ಹೊರಗೇ ಇರಬೇಕು. ಚೆಂದ ಕಾಣುತ್ತದೆಂದು ಹೆಚ್ಚು ದುಡ್ಡು ಕೊಟ್ಟು ಅವನೇ ಆರಿಸಿ ತಂದದ್ದು.

ಪರಿಹಾರ ಏನು ಅಂದರೆ, ಭಾಯ್ ಪ್ರಕಾರ, ಮೊದಲನೆಯದಾಗಿ ಆ ಕತ್ತರಿಸಿದ ಸ್ಪ್ರಿಂಗನ್ನು ಗುಜರಿಗೆ ಹಾಕುವುದು. ಇಳಿಸಲೇಬೇಕೆಂದರೆ ಅದಕ್ಕೆಂದೇ ಮಾಡಿದ್ದನ್ನು ಹಾಕಿಸಿ, ಜೊತೆಗೆ ಅದಕ್ಕೆ ಹೊಂದುವ ಶಾಕ್ಸನ್ನೂ. ಲೋವರ್ ಆರ್ಮಿನ ಬುಶ್ ಬೋಲ್ಟನ್ನು ಕಾರು ಗಾಳಿಯಲ್ಲಿ ನೇತಾಡುವಾಗ ಬಿಗಿಯಬಾರದು. ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಸ್ಪ್ರಿಂಗ್ ಕೂರಲು ಬಿಡಬೇಕು. ಆಮೇಲೆ ಬಾಲ್ ಜಾಯಿಂಟು, ಟೈ ರಾಡ್ ಎಂಡು ಆಡುತ್ತಿವೆಯೇ ನೋಡಿ, ಗಾಳಿ ಸರಿ ಮಾಡಿ, ಅಲೈನ್‌ಮೆಂಟ್. ಸ್ವಿಫ್ಟಿನಲ್ಲಿ ಮುಂದಿನ ಕ್ಯಾಂಬರ್ ತಿರುಪಲು ಕಂಪನಿಯವರು ಏನೂ ಕೊಟ್ಟಿಲ್ಲ. ಸ್ಟ್ರಟ್ಟನ್ನು ಕೆಳಗೆ ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದರ ಬದಲಿಗೆ ಓರೆ ಬೋಲ್ಟು ಹಾಕಿ ಸ್ವಲ್ಪ ಎಳೆದುಕೊಳ್ಳಬಹುದು. ಮೊದಲು ಕ್ಯಾಂಬರ್, ಕಡೆಗೆ ಟೋ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಅಲುಗುತ್ತದೆ. ತಿರುಗುಮುರುಗು ಮಾಡಿದವರು ಎರಡು ಸಲ ದುಡ್ಡು ಕೊಡುತ್ತಾರೆ.

'ಕತ್ತರಿಸದೇ ಇರೋ ಮಾಮೂಲಿ ಸ್ಪ್ರಿಂಗೇ ಹಾಕ್ಬಿಡ್ಲಾ? ಎತ್ತರ ವಾಪಸ್ ಬರುತ್ತೆ' ಅಂತಲೂ ಭಾಯ್ ಕೇಳಿದರು. ತಗ್ಗಪ್ಪ ಅವರನ್ನು ನೋಡಿದ ನೋಟದಲ್ಲೇ ಉತ್ತರ ಸಿಕ್ಕಿತು, ಅವರು ಮತ್ತೆ ಕೇಳಲಿಲ್ಲ.

ಅವನು ಬುದ್ಧಿವಂತ, ಹೇಳಿದ್ದನ್ನು ಮಾಡಿದ. ಚೀಟಿ ಹಾಕಿದ್ದ ದುಡ್ಡು ತೆಗೆದು ಇಳಿಸಲೆಂದೇ ಮಾಡಿದ ಗಿಡ್ಡ ಸ್ಪ್ರಿಂಗ್ ತಂದ. ಓರೆ ಬೋಲ್ಟು ಹಾಕಿಸಿದ. ಮುಂದೆ ಎರಡು ಹೊಸ ಟೈರು. ಶಾಕ್ಸ್ ಒಂದನ್ನು ಮಾತ್ರ 'ಮುಂದಿನ ತಿಂಗಳು' ಅಂದ. ಯಾಕೆಂದು ಕೇಳಿದರೆ, ನಿಜ ಹೇಳಿದ: 'ಅಂಕಲ್, ಅದು ಯಾರಿಗೂ ಕಾಣಲ್ಲ.'

ಈಗ ತಗ್ಗಪ್ಪನ ಹೆಮ್ಮೆ ಜಾಗ ಬದಲಾಯಿಸಿದೆ. ಬೆರಳು ತೂರಿಸುವ ಸಂದಿಯಿಂದ ಟೈರಿನ ಒಳ ಅಂಚಿಗೆ ಹೋಗಿದೆ. ಅಲೈನ್‌ಮೆಂಟಿನ ಪ್ರಿಂಟ್‌ಔಟ್, ಮೊದಲಿನ ಕೆಂಪು ಅಂಕಿ ಎಡಗಡೆ, ಆಮೇಲಿನ ಹಸಿರು ಅಂಕಿ ಬಲಗಡೆ, ಲ್ಯಾಮಿನೇಟ್ ಮಾಡಿಸಿ ಡ್ಯಾಶ್‌ಬೋರ್ಡಿನಲ್ಲಿಟ್ಟಿದ್ದಾನೆ. ಸತ್ಯನಾರಾಯಣ ಪೂಜೆಗೆ ಬಂದವರನ್ನು ಪ್ರಸಾದದ ದೊನ್ನೆಯ ಸಮೇತ ಕಾಂಪೌಂಡಿಗೆ ಕರೆದೊಯ್ದು, 'ಇಲ್ಲಿ ಕೈ ಇಡಿ ಅಂಕಲ್, ಒಳಗೆ, ಇನ್ನೂ ಒಳಗೆ, ನುಣ್ಣಗಿದೆಯಲ್ಲ?' ಎನ್ನುತ್ತಾನೆ. ಸಜ್ಜಿಗೆಯ ತುಪ್ಪದ ಕೈ ಇಟ್ಟರೆ ಯಾವ ಟೈರಾದರೂ ನುಣ್ಣಗೇ ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಸ್ಪ್ರಿಂಗ್ ಕತ್ತರಿಸುವ ಯೋಚನೆಯಲ್ಲಿರುವ ಹುಡುಗರು ಸಿಕ್ಕರಂತೂ ಟೋ, ಕ್ಯಾಂಬರ್ ಎಂದು ಮುಕ್ಕಾಲು ಗಂಟೆ. ಭಾಯ್ ಹೇಳಿದ ತಿಂಡಿ ಊಟದ ಮಾತು ಈಗ ತಗ್ಗಪ್ಪನದೇ ಮಾತಾಗಿ ಓಡಾಡುತ್ತಿದೆ.

ಹೋದ ಮಾಘದಲ್ಲಿ ಚನ್ನಪಟ್ಟಣದ ಕಡೆ ಹೆಣ್ಣು ನೋಡಲು ಹೋದರು. ಅಪ್ಪ, ಅಮ್ಮ, ಅಜ್ಜಿ, ಅವನು, ನಾಲ್ಕೂ ಜನ ಅದೇ ಕಾರಿನಲ್ಲಿ. ದಾರಿಯಲ್ಲಿ ಅಜ್ಜಿಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಹಂಪಿಗೊಮ್ಮೆ ಇಳಿದು ಹತ್ತಿದ್ದಾಯಿತು. ಹುಡುಗಿಯ ತಂದೆ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು ಎಂಬುದು ಇವರಿಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಉಪ್ಪಿಟ್ಟು, ಕೇಸರಿಭಾತು, ಕಾಫಿ ಎಲ್ಲ ಆಯಿತು. ಸಂಬಳ ಎಷ್ಟು, ಸ್ವಂತ ಮನೆಯೇ, ಯಾವ ಪ್ರಶ್ನೆಯನ್ನೂ ಆತ ಕೇಳಲಿಲ್ಲ. ಬೀಳ್ಕೊಡಲು ಹೊರಗೆ ಬಂದವರು ಕಾರಿನ ಮುಂದೆ ನಿಂತರು. ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಮುಂದಿನ ಟೈರಿನ ಹಿಂದಕ್ಕೆ ಕೈ ಹಾಕಿದರು.

ತಗ್ಗಪ್ಪನ ಮುಖ ಅರಳಿತು. ಲ್ಯಾಮಿನೇಟ್ ಮಾಡಿಸಿದ್ದನ್ನು ತರಲು ಓಡಿದ.

'ಟೋ ಸರಿಯಾಗಿದೆ ಕಣಪ್ಪ' ಅಂದರು ಆತ. ಅಂದು ಏಳಲಿಲ್ಲ. ಕೂತಲ್ಲಿಂದಲೇ ಹಿಂದಿನ ಚಕ್ರದ ಕಡೆ ಸರಿದು ಅದರ ಮೈಮೇಲೂ ಕೈ ಆಡಿಸಿದರು. ಒಂದು ಸುತ್ತು, ಮತ್ತೊಂದು ಸುತ್ತು. ಏರಿಳಿತ, ಏರಿಳಿತ, ಅಂಗೈಯಗಲಕ್ಕೊಂದು ಹಳ್ಳ. ಎದ್ದು ಡಿಕ್ಕಿಯ ಮೂಲೆಯನ್ನು ಭಾರ ಬಿಟ್ಟು ಒಮ್ಮೆ ಒತ್ತಿ ಬಿಟ್ಟರು. ಕಾರು ಎದ್ದಿತು, ಕೂತಿತು, ಮತ್ತೆ ಎದ್ದಿತು, ಮತ್ತೆ ಕೂತಿತು, ಇನ್ನೂ ಅಲ್ಲಾಡುತ್ತಲೇ ಇತ್ತು.

ಹೆಂಡತಿ ಒಳಗಿನಿಂದ ಬಂದು ಬಾಗಿಲ ಮರೆಯಲ್ಲಿ ನಿಂತು, 'ಏನಂತೀರಿ?' ಎಂದು ಕೇಳಿದರು.

ಆತ ಪಂಚೆಗೆ ಕೈ ಒರೆಸಿಕೊಂಡರು. 'ಹುಡುಗ ಪರವಾಗಿಲ್ಲ. ಶಾಕ್ಸ್ ಹೋಗಿವೆ.'